ನಟ್ಟಿನ ಮೇಲಿನ ಸುಣ್ಣ

ಹಾಡುಹಗಲು, ತಿಪಟೂರಿನ ನನ್ನ ಗ್ಯಾರೇಜಲ್ಲಿ ನಾನೊಬ್ಬನೇ ಇದ್ದೆ. ಹೊಸದಾಗಿ ಕಟ್ಟಿದ ರೇಸ್ ಕಾರಿನ ಎಂಜಿನ್ನು ಟಿಕ್ ಟಿಕ್ ಅಂತಿತ್ತು. ಯಾವ ವಾಲ್ವು ಸಡಿಲ ಅಂತ ತಿಳೀಲಿಲ್ಲ.

ನನಗೆ ಕೆಲಸ ಕಲಿಸಿದ ಜವರಪ್ಪಣ್ಣ ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗೆ ಒತ್ತಿ, ಹಿಡಿ ಕಿವಿಗಿಟ್ಟು, ಅಟ್ಟದ ಕಾಯಿ ಅಲ್ಲಾಡಿಸಿ ಕೊಬ್ಬರಿ ಆಗಿದೆಯಾ ಅಂತ ನೋಡೋ ಹಾಗೆ, ಕಣ್ಣು ಮುಚ್ಚಿ ಕೇಳೋನು. ಬಿಗಿ ಮಾಡಿದ ನಟ್ಟಿಗೆ ಎಲೆಅಡಿಕೆಯ ಸುಣ್ಣದಲ್ಲಿ ಚುಕ್ಕೆ ಇಡೋನು. ಅವನು ತೀರಿಕೊಂಡು ವರ್ಷವಾಯ್ತು.

ನಾನೂ ಹಾಗೇ ಕಿವಿಗಿಟ್ಟೆ. ಯಾರೋ ಆಗಷ್ಟೇ ಹಿಡಿದಿದ್ದ ಹಾಗೆ ಹಿಡಿ ಬೆಚ್ಚಗಿತ್ತು. ಹೊಗೆಸೊಪ್ಪಿನ ವಾಸನೆ ಬಂತು.

"ಮೂರನೇದು ಕಣ್ಲಾ."

"ನೋಡ್ತೀನಿ ಬುಡು ಅಣ್ಣ" ಅಂದುಬಿಟ್ಟೆ, ಹಳೇ ಅಭ್ಯಾಸ.

ಎಂಜಿನ್ನು ತಣ್ಣಗಾದ ಮೇಲೆ ಮುಚ್ಚಳ ಬಿಚ್ಚಿದೆ. ಮೂರನೇ ವಾಲ್ವಿನ ನಟ್ಟು ಆಗಲೇ ಬಿಗಿಯಾಗಿತ್ತು. ಅದರ ಮೇಲಿನ ಸುಣ್ಣ ನನ್ನ ಬೆರಳಿಗೆ ಹಸಿಹಸಿಯಾಗಿ ಅಂಟಿತು. ನಾನು ಎಲೆಅಡಿಕೆ ಹಾಕಲ್ಲ.