ಕಾಗದದ ಕೋಟು

ನಾನು ಫಾನ್ ಸೂಲಾನಳ ಗಂಡನ ಕೋಟು ಕದ್ದೆ. ಕದಿಯುವ ಉದ್ದೇಶವೇನೂ ಇರಲಿಲ್ಲ. ಅವಳ ಮುಖ ನೋಡುತ್ತ ನಡೆದಿದ್ದೇ ತಪ್ಪಾಯಿತು.

ಚೀನಾದ ಶಾನ್‌ಶಿಯ ನಮ್ಮ ಊರಿನಲ್ಲಿ ಹತ್ತನೇ ತಿಂಗಳ ಪಾಡ್ಯದ ಸಂಜೆ ಸತ್ತವರಿಗೆ ಚಳಿಗಾಲದ ಬಟ್ಟೆ ಕಳಿಸುತ್ತಾರೆ. ರಸ್ತೆ ಬದಿಯಲ್ಲಿ ಸೀಮೆಸುಣ್ಣದಿಂದ ವೃತ್ತ ಬರೆದು, ಸಮಾಧಿಯಿರುವ ದಿಕ್ಕಿಗೆ ಒಂದು ಗೇಣು ಬಾಯಿ ಬಿಟ್ಟು, ಒಳಗೆ ಕಾಗದದ ಕೋಟು ಸುಟ್ಟು, ಹೆಸರು ಹಿಡಿದು ಕೂಗುತ್ತಾರೆ. ಒಂಬತ್ತು ವರ್ಷದಿಂದ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಕಲಿಸುತ್ತಿರುವ ನನಗೆ ಇದೆಲ್ಲ ಗೊತ್ತು. ಆ ಸಂಜೆ ನೆಲ ನೋಡಿಕೊಂಡು ನಡೆಯಬೇಕೆಂಬುದೂ ಗೊತ್ತು.

ಆದರೆ ನಮ್ಮ ಕ್ವಾರ್ಟರ್ಸ್ ಗೇಟಿನ ಎದುರಿನ ಫುಟ್‌ಪಾತಿನಲ್ಲಿ ಸೂಲಾನ್ ಕುಕ್ಕರುಗಾಲಿನಲ್ಲಿ ಕೂತಿದ್ದಳು. ಕ್ಯಾಂಟೀನಿನ ಮೂರನೇ ಕಿಟಕಿಯ ಹಿಂದೆ, ನೂಡಲ್ಸ್ ಹಬೆಯಲ್ಲಿ ದಿನವೂ ಅರ್ಧ ಮಾತ್ರ ಕಾಣುವ ಮುಖ ಅಂದು ಬೆಂಕಿಯ ಬೆಳಕಿಗೆ ಪೂರ್ತಿ ಕಂಡಿತು. ನನ್ನ ಕಾಲು ತಾನಾಗಿ ಅತ್ತ ನಡೆಯಿತು.

"ಅಯ್ಯೋ, ಕಾಲು ತೆಗೀರಿ ಮಾ ಮೇಷ್ಟ್ರೇ!"

ನನ್ನ ಹೆಸರು ಮ್ಯಾಗ್ನಸ್. ಹುಟ್ಟಿದ್ದು ಸ್ಕಾಟ್ಲೆಂಡಿನ ಆಚೆಯ ಒಂದು ದ್ವೀಪದಲ್ಲಿ. ಇಲ್ಲಿ ಎಲ್ಲರಿಗೂ ನಾನು ಮಾ ಮೇಷ್ಟ್ರು. ಕೆಳಗೆ ನೋಡಿದರೆ ನನ್ನ ಬೂಟು ವೃತ್ತದ ನಟ್ಟನಡುವೆ ಇತ್ತು. ಕಾಗದದ ಕೋಟು ಭಗ್ಗೆಂದು ಉರಿದು ಹೋಯಿತು. ಬೂದಿ ನನ್ನ ಕಾಲನ್ನು ಸುತ್ತಿ, ಸೊಂಟದವರೆಗೆ ಏರಿ, ಬಟ್ಟೆಗೆ ಅಂಟಿಕೊಂಡಿತು.

"ಕಣ್ಣು ಎಲ್ಲಿಟ್ಕೊಂಡು ನಡೀತೀರ್ರೀ?"

ಎಲ್ಲಿಟ್ಟುಕೊಂಡಿದ್ದೆ ಎಂದು ಹೇಳುವ ಧೈರ್ಯ ಬರಲಿಲ್ಲ. ಅವಳು ನೆಲದ ಗೆರೆಯನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಗೆರೆಯನ್ನೇ ನೋಡಿದಳು. ಮುಖ ಬಿಳಚಿಕೊಂಡಿತ್ತು.

ಮರುದಿನ ಬೆಳಿಗ್ಗೆ ಕೋಟು ಹಾಕಿಕೊಳ್ಳಲು ಮರೆತು ಪಾಠಕ್ಕೆ ಹೋದೆ. ಅರ್ಧ ದಾರಿಯಲ್ಲಿ ನೆನಪಾಯಿತು. ಚಳಿಯೇ ಇರಲಿಲ್ಲ. ಬೆನ್ನಿಗೆ ಯಾರೋ ದಪ್ಪ ಹತ್ತಿಯ ಅಂಗಿ ಹೊದಿಸಿದ ಹಾಗೆ ಹಿತವಾಗಿತ್ತು. ಆ ಹಿತದಲ್ಲಿ ಸಣ್ಣಗೆ ಡೀಸೆಲ್ ವಾಸನೆಯೂ ಇತ್ತು.

"ಹಿಮಕರಡಿ ಊರಿನವ್ರಪ್ಪ ನಮ್ಮ ಮೇಷ್ಟ್ರು!" ಎಂದು ಹುಡುಗರು ನಕ್ಕರು. ನಾನೂ ನಕ್ಕೆ. ಬಸ್ ಸ್ಟಾಪಿನಲ್ಲಿ ನಿಂತಾಗ ಮಾತ್ರ ನಗು ನಿಂತಿತು. ಸಾಲಿನಲ್ಲಿದ್ದವರೆಲ್ಲರ ಬಾಯಿಂದ ಬಿಳಿ ಉಸಿರು ಏಳುತ್ತಿತ್ತು. ನನ್ನ ಬಾಯಿಂದ ಏನೂ ಬರುತ್ತಿರಲಿಲ್ಲ.

ಎರಡನೇ ವಾರ ಹಿಮ ಬಿತ್ತು. ಹಾಜರಿ ಪುಸ್ತಕ ಕೊಡಲು ಬಂದ ಪೇ ಲಿಂಗ್ ಎಂಬ ಹುಡುಗಿ ನನ್ನ ಬೆರಳು ತಗುಲುತ್ತಲೇ ಕೈ ಎಳೆದುಕೊಂಡಳು.

"ಮೇಷ್ಟ್ರೇ, ಕೈ ಇಷ್ಟೊಂದು ತಣ್ಣಗಿದೆ! ಆಮೇಲೆ... ನಿಮ್ಮ ತಲೆ ಮೇಲಿನ ಹಿಮ ಇನ್ನೂ ಕರಗಿಲ್ಲ."

ಪಾಠ ಶುರುವಾಗಿ ಒಂದು ಗಂಟೆಯಾಗಿತ್ತು. ಹೀಟರ್ ಕಾದು ಕೆಂಡವಾಗಿತ್ತು. ನನಗೆ ನಿಜವಾಗಿ ಹೆದರಿಕೆಯಾಯಿತು.

ಕ್ಯಾಂಟೀನಿಗೆ ಹೋದೆ. ಆರು ತಿಂಗಳಿಂದ ಆ ಕಿಟಕಿಯಲ್ಲಿ ನಮ್ಮದೊಂದು ಆಟ ನಡೆದಿತ್ತು. ನಾನು ಖಾರ ಕಡಿಮೆ ಎನ್ನುತ್ತಿದ್ದೆ, ಅವಳು ಬೇಕೆಂದೇ ಒಂದು ಚಮಚ ಹೆಚ್ಚು ಹಾಕುತ್ತಿದ್ದಳು, ನನ್ನ ಕಣ್ಣಲ್ಲಿ ನೀರು ಬಂದಿತೋ ಇಲ್ಲವೋ ಎಂದು ಹಬೆಯ ಸಂದಿಯಿಂದ ಇಣುಕುತ್ತಿದ್ದಳು. ಆ ಒಂದು ಇಣುಕುನೋಟಕ್ಕಾಗಿ ನಾನು ದಿನವೂ ಮೂಗು ಸುರಿಸಿಕೊಂಡು ಉಣ್ಣುತ್ತಿದ್ದೆ. ಈಗ ಹದಿನೈದು ದಿನದಿಂದ ಅವಳು ಬಟ್ಟಲನ್ನು ತಲೆ ತಗ್ಗಿಸಿಕೊಂಡೇ ತಳ್ಳುತ್ತಿದ್ದಳು.

"ಇನ್ಮೇಲೆ ಬೇರೆ ಕಿಟಕಿಗೆ ಹೋಗಿ ಮೇಷ್ಟ್ರೇ."

"ಯಾಕ್ರೀ?"

"ಕಾಲರ್ ಇಳಿಸ್ರೀ ಮೊದ್ಲು!"

ಮುಟ್ಟಿ ನೋಡಿಕೊಂಡೆ. ಅಂಗಿಯ ಕಾಲರ್ ಕಿವಿಯವರೆಗೆ ಎತ್ತಿತ್ತು. ನನಗೆ ಆ ಅಭ್ಯಾಸವೇ ಇಲ್ಲ.

"ನನ್ನ ಗಂಡ ದೆವಾಂಗ್ ಹಾಗೆ ಎತ್ಕೋತಿದ್ರು," ಎಂದಳು. "ಲಾರಿ ಹತ್ತೋ ಮುಂಚೆ. ನಾಲ್ಕು ವರ್ಷದ ಹಿಂದೆ ಬೆಟ್ಟದ ತಿರುವಲ್ಲಿ ಉರುಳಿ ಬಿದ್ದ ದಿನಾನೂ ಹಾಗೇ ಹೋಗಿದ್ದು. ಈಗ ದಿನಾ ಕನಸಲ್ಲಿ ಬಂದು ಬಾಗಿಲ ಹತ್ರ ನಿಂತ್ಕೋತಾರೆ. ಬರೀ ಬನಿಯನ್ನಲ್ಲಿ. ಹಲ್ಲು ಕಟಕಟ ಅನ್ನುತ್ತೆ. 'ಕೋಟು ಎಲ್ಲಿ ಸೂಲಾನ್?' ಅಂತಾರೆ. ಏನು ಹೇಳ್ಲಿ?"

"ನನ್ನ ಹತ್ರ ಇದೆ ಅಂತ ಹೇಳಿ," ಎಂದೆ. "ವಾಪಸ್ ಕೊಡ್ತೀನಿ ಅಂತ ಹೇಳಿ."

ಅವಳು ತಲೆ ಎತ್ತಿ ನನ್ನ ಮುಖ ನೋಡಿದಳು. "ಕಾಗದದ್ದು ನಡೆಯಲ್ಲ ಮೇಷ್ಟ್ರೇ. ಮೈಗೆ ಅಂಟಿರೋದು ಬಿಡ್ಬೇಕಾದ್ರೆ ನೀವು ತೊಟ್ಟಿರೋದನ್ನೇ ಬಿಚ್ಚಿ ಕೊಡ್ಬೇಕು."

ನನ್ನಲ್ಲಿ ಒಂದು ಸ್ವೆಟರ್ ಇತ್ತು, ಕಂದು ಉಣ್ಣೆಯದು, ಅಮ್ಮ ಕಣ್ಣು ಮಂಜಾದ ಮೇಲೆ ತಡವರಿಸಿ ಹೆಣೆದದ್ದು. ಎಡತೋಳು ಬಲತೋಳಿಗಿಂತ ಉದ್ದ. ಅಮ್ಮ ತೀರಿಕೊಂಡ ಮೇಲೆ ಅದನ್ನು ತೊಳೆಯಲೂ ಮನಸ್ಸಾಗಿರಲಿಲ್ಲ. ಅಂದು ಸಂಜೆ ಅದನ್ನು ತೊಟ್ಟು ಗೇಟಿನ ಎದುರು ಬಂದೆ.

ಹಿಮ ಸಣ್ಣಗೆ ಬೀಳುತ್ತಿತ್ತು. ಸೂಲಾನ್ ನೆಲ ಗುಡಿಸಿ ವೃತ್ತ ಬರೆದಳು. ಪಶ್ಚಿಮಕ್ಕೆ, ಅವನ ಹಳ್ಳಿಯ ದಿಕ್ಕಿಗೆ, ಬಾಯಿ ಬಿಟ್ಟಳು. ಸೀಮೆಸುಣ್ಣ ಹಿಡಿದು ಹಾಗೇ ಕೂತಳು.

"ನೀವು ಕದ್ದಿಲ್ಲ ಮೇಷ್ಟ್ರೇ."

"ಕಾಲಿಟ್ಟಿದ್ದು ನಾನೇ ಅಲ್ವಾ?"

"ಆವತ್ತು ಗೆರೆಯ ಬಾಯಿ ಬಿಟ್ಟಿದ್ದು ನಾನು. ಈ ಕಡೆಗೆ." ಪೂರ್ವಕ್ಕೆ, ನನ್ನ ಗೇಟಿನ ಕಡೆಗೆ ಬೆರಳು ತೋರಿಸಿದಳು. "ನಾಲ್ಕು ವರ್ಷ ಕಣ್ಮುಚ್ಚಿ ಬರೆದ್ರೂ ಪಶ್ಚಿಮಕ್ಕೇ ಬರ್ತಿತ್ತು. ಈ ಸಲ ಗೆರೆ ಎಳೀತಾ ನಿಮ್ಮ ಗೇಟು ನೋಡ್ತಿದ್ದೆ, ಹೊರಗೆ ಬರ್ತೀರೇನೋ ಅಂತ. ನೀವು ಗೆರೆ ಒಳಗೆ ಬಂದ್ಮೇಲೇ ಕಂಡಿದ್ದು, ಬಾಯಿ ಎಲ್ಲಿದೆ ಅಂತ. ಅವರನ್ನ ಚಳೀಲಿ ನಿಲ್ಸಿದ್ದು ನಾನು. ನಿಮಗೆ ಹೀಗಾಗಿದ್ದೂ ನನ್ನಿಂದಾನೇ."

ಅಳುತ್ತಿದ್ದಳು. ನನಗೋ ಹೆದರಿಕೆ, ದುಃಖ, ಸಂತೋಷ ಎಲ್ಲ ಒಟ್ಟಿಗೇ ಬಂದವು. ಸ್ವೆಟರ್ ಬಿಚ್ಚಿ ವೃತ್ತದೊಳಗಿಟ್ಟೆ. ಅವಳು ಬೆಂಕಿ ಕೊಟ್ಟಳು. ಉಣ್ಣೆ ಹಠ ಮಾಡಿ ಹೊಗೆಯಾಡಿತು, ಉರಿಯಲೊಲ್ಲದು.

"ಹೆಸರು ಕೂಗ್ಬೇಕು," ಎಂದಳು. "ನನ್ನ ಕೈಲಾಗ್ತಿಲ್ಲ."

ಆಗ ನಾನೇ ಕೂಗಿದೆ. "ದೆವಾಂಗ್ ಅಣ್ಣಾ! ನಿಮ್ಮ ಕೋಟು ನಿಮಗೆ ಬರ್ಲಿ. ಇದು ನಮ್ಮಮ್ಮ ಹೆಣೆದಿದ್ದು, ಇದನ್ನೂ ತಗೊಳ್ಳಿ. ಎಡತೋಳು ಸ್ವಲ್ಪ ಉದ್ದ, ಮಡಚ್ಕೊಳ್ಳಿ. ಸೂಲಾನ್ ಮೇಲೆ ಸಿಟ್ಟಾಗ್ಬೇಡಿ. ನಾನು... ನಾನು ಇವರನ್ನ ಚಳೀಲಿ ನಿಲ್ಸಲ್ಲ."

ಉಣ್ಣೆ ಹೊತ್ತಿಕೊಂಡಿತು. ಗಾಳಿಯಿರಲಿಲ್ಲ. ಆದರೂ ಬೆಂಕಿ ಪಶ್ಚಿಮಕ್ಕೆ ಬಾಗಿತು. ಬೂದಿ ಒಂದು ಚೂರೂ ಚೆದುರದೆ ಆ ಗೇಣು ಜಾಗದಲ್ಲಿ ಸಾಲಾಗಿ ಹೊರಗೆ ಹೋಯಿತು. ಹೋಗುವ ಮುನ್ನ ಯಾರೋ ನನ್ನ ಕಾಲರನ್ನು ಮೆಲ್ಲಗೆ ಕೆಳಗೆ ಮಡಚಿದರು. ಸೂಲಾನಳ ಎರಡೂ ಕೈ ಅವಳ ಮಡಿಲಲ್ಲೇ ಇದ್ದವು.

ಆಮೇಲೆ ಚಳಿ ಬಂತು. ಹದಿನೈದು ದಿನದ ಚಳಿ ಒಮ್ಮೆಗೇ ಎಲುಬಿಗೆ ಇಳಿಯಿತು. ನನ್ನ ಹಲ್ಲು ಕಟಕಟ ಎಂದವು, ಬಾಯಿಂದ ಬಿಳಿ ಉಸಿರು ನುಗ್ಗಿತು.

"ಚಳಿ ಆಗ್ತಿದೆಯಾ?" ಅವಳು ಗಾಬರಿಯಿಂದ ಕೇಳಿದಳು.

"ಸಾಯೋಷ್ಟು, ಸೂಲಾನ್."

ಬರೀ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವಳು ನನ್ನ ಅಂಗೈಯನ್ನು ಎಳೆದು ಆಕಾಶಕ್ಕೆ ಚಾಚಿ ಹಿಡಿದಳು. ಹಿಮದ ಒಂದು ಹಳಕು ಬಂದು ಕೂತಿತು. ಇಬ್ಬರೂ ಉಸಿರು ಬಿಗಿಹಿಡಿದು ನೋಡಿದೆವು. ಅದು ಅಂಚಿನಿಂದ ಕುಗ್ಗಿತು, ಹನಿಯಾಯಿತು, ನನ್ನ ಮಣಿಕಟ್ಟಿನ ಕಡೆ ಹರಿಯಿತು.

ಸೂಲಾನ್ ಆ ನೀರನ್ನು ತನ್ನ ಹೆಬ್ಬೆರಳಿನಿಂದ ಒರೆಸಿದಳು. ಕೈ ಬಿಡಲಿಲ್ಲ.

"ಏಳ್ರೀ, ಒಳಗೆ ಹೋಗೋಣ," ಎಂದಳು. "ಇವತ್ತು ಖಾರ ಕಡಿಮೆ ಹಾಕ್ತೀನಿ."