ಮೂರು ಗಂಟೆಯ ಪರಂಗಿಕಾಯಿ

"ಯಾರೋ ಪಟ್ಟಿ ಬಿಚ್ಚಿ ಮತ್ತೆ ಕಟ್ಟಿದ್ದಾರೆ," ಎಂದರು ಕ್ಲಿನಿಕ್ಕಿನ ಸುಗುಣಾ ಸಿಸ್ಟರ್. ನಾನಿಯ ಹಿಮ್ಮಡಿಯ ಹುಣ್ಣು ಹೋದ ವಾರದಂತೆಯೇ ಕಪ್ಪಗಿತ್ತು. "ಹೀಗೇ ಇದ್ರೆ ದೊಡ್ಡಾಸ್ಪತ್ರೆಗೆ ಕಳಿಸ್ಬೇಕಾಗುತ್ತೆ. ಅಲ್ಲಿ ಕಾಲಿಗೇ ಕತ್ತರಿ ಹಾಕ್ಬಹುದು."

ಪಕ್ಕದಲ್ಲಿ ನಿಂತಿದ್ದ ಮೊಮ್ಮಗಳು ತಹೂರಾ ತಲೆ ತಗ್ಗಿಸಿದಳು. ಬಿಚ್ಚಿದ್ದು ಅವಳೇ. ನಾನಿಯ ಕಾಲು ಉಳಿಯಲಿ ಅಂತಲೇ ಬಿಚ್ಚಿದ್ದು!

ಚಾರ್‌ಮಿನಾರಿನ ಹಿಂದಿನ ಗಲ್ಲಿಯಲ್ಲಿ ಅವಳ ಅಬ್ಬಾನದು ಕಬಾಬ್ ಅಂಗಡಿ. ಮಟನ್‌ಗೆ ಅರೆದ ಪರಂಗಿಕಾಯಿ ಹಚ್ಚಿದ ಕೂಡಲೇ ಅಬ್ಬಾ ಗಡಿಯಾರ ನೋಡುತ್ತಾನೆ.

"ಮೂರೇ ಗಂಟೆ, ಬೇಟಿ. ಆಮೇಲೂ ಬಿಟ್ರೆ ಮಾಂಸ ಕರಗಿ ಗಂಜಿ ಆಗುತ್ತೆ."

ಸಿಸ್ಟರ್ ನಾನಿಗೆ ದಿನವೂ ಹಚ್ಚುತ್ತಿದ್ದುದೂ ಪರಂಗಿಕಾಯಿಯದೇ ಮುಲಾಮು. ಅದನ್ನು ಮರುದಿನದವರೆಗೂ ಮುಟ್ಟಬಾರದಂತೆ! ತಹೂರಾ ದಿನವೂ ಮೂರು ಗಂಟೆ ಕಾದು, ನಾನಿ ತೂಕಡಿಸುವಾಗ ಪಟ್ಟಿ ಬಿಚ್ಚಿ ಮುಲಾಮು ಒರೆಸಿ, ಮತ್ತೆ ಸುತ್ತಿಬಿಡುತ್ತಿದ್ದಳು. ಸಕ್ಕರೆ ಕಾಯಿಲೆಯ ನಾನಿಗೆ ಹಿಮ್ಮಡಿಯಲ್ಲಿ ಸ್ಪರ್ಶವೇ ಇರಲಿಲ್ಲ.

"ನಾನೇ ಬಿಚ್ಚಿದ್ದು," ಎಂದು ಈಗ ಅತ್ತೇಬಿಟ್ಟಳು. "ನಾನಿ ಕಾಲು ಕರಗಿ ಹೋದ್ರೆ?"

ಸಿಸ್ಟರ್ ನಗಲಿಲ್ಲ. "ಇದರಲ್ಲಿರೋ ಎನ್‌ಜೈಮ್ ಈ ಸತ್ತಿರೋ ಕಪ್ಪು ಮಾಂಸಾನ ಕರಗಿಸುತ್ತೆ. ಅದು ಹೋದ್ರೇನೇ ಹೊಸ ಚರ್ಮ ಬರೋದು. ಜೀವ ಇರೋ ಮಾಂಸ ತನ್ನನ್ನ ತಾನೇ ಕಾಯ್ಕೊಳ್ಳುತ್ತೆ."

"ಯಾವುದು ಸತ್ತಿದೆ, ಯಾವುದು ಬದುಕಿದೆ ಅಂತ ಪರಂಗಿಕಾಯಿಗೆ ಹೇಗೆ ಗೊತ್ತು?"

"ಅಬ್ಬಬ್ಬಾ, ನಿನ್ನ ಪ್ರಶ್ನೆಯೇ! ಮೊದ್ಲು ಕಣ್ಣೊರೆಸ್ಕೋ," ಎಂದು ಸಿಸ್ಟರ್ ಹೊಸ ಪಟ್ಟಿ ಕಟ್ಟಿದರು.

ಮನೆಗೆ ಬಂದರೂ ತಹೂರಾಳ ತಲೆ ಗೋಜಲಾಗಿತ್ತು. ಸಿಸ್ಟರ್ ಸುಳ್ಳು ಹೇಳುವವರಲ್ಲ. ಅಬ್ಬಾನೂ ಅಲ್ಲ. ಹಾಗಾದರೆ ಯಾರ ಮಾತು ಕೇಳುವುದು?

ಅಂಗಡಿಯ ಹಿಂದೆ ಅಬ್ಬಾ ದೊಡ್ಡ ಬೋಗುಣಿಯಲ್ಲಿ ಮಟನ್ ಕಲೆಸುತ್ತಿದ್ದ. ಅರೆದ ಹಸಿರು ಪರಂಗಿಕಾಯಿ ಅವನ ಮಣಿಕಟ್ಟಿನವರೆಗೂ ಮೆತ್ತಿತ್ತು. ತಹೂರಾ ಹುಟ್ಟುವುದಕ್ಕೂ ಮೊದಲಿನಿಂದ ಅವನದು ದಿನವೂ ಇದೇ ಕೆಲಸ.

ಅವಳು ಓಡಿಹೋಗಿ ಅವನ ಕೈ ಹಿಡಿದು, ಲಂಗದಿಂದ ಒರೆಸಿ, ಹಿಂದೆ ಮುಂದೆ ತಿರುಗಿಸಿ ನೋಡಿದಳು. ಐದು ಬೆರಳು, ಐದು ಉಗುರು, ಒಂದೂ ಕರಗಿರಲಿಲ್ಲ.

"ಏನೇ ಹುಚ್ಚಿ, ಭವಿಷ್ಯ ಹೇಳ್ತೀಯಾ?"

ತಹೂರಾ ಆ ಕೈಯನ್ನು ಮತ್ತೆ ಬೋಗುಣಿಯೊಳಗೆ ಇಟ್ಟಳು.

ಮಧ್ಯಾಹ್ನ ನಾನಿ ಮಂಚದಿಂದ ಕಾಲು ಚಾಚಿ ತುಂಟ ನಗೆ ನಕ್ಕಳು. "ಮೂರು ಗಂಟೆ ಆಯ್ತಲ್ಲೇ. ಇವತ್ತು ಬಿಚ್ಚಲ್ವಾ?"

ತಹೂರಾ ಗಡಿಯಾರ ನೋಡಿದಳು. ಆಮೇಲೆ ಚಾದರ ಎಳೆದು ಆ ಕಾಲನ್ನು ಮುಚ್ಚಿದಳು.

"ಇಲ್ಲ ನಾನಿ. ನೀವೇನು ಮಟನ್ನಾ?"