ಅರ್ಧ ಸಿಲಿಂಡರಿನ ಸನ್ನೆ

ಧಡಾರ್!

ಉಕ್ಕಿನ ಬಾಗಿಲು ಮುಚ್ಚಿಕೊಂಡಿತು. ಒಳಗೆ ಅವಳು... ಮತ್ತು ಅವನು!

"ಅತ್ತೆ! ಬಾಗಿಲು ತೆಗೀರಿ! ಇವನ ಜೊತೆ ನಾನಿರಲ್ಲ!"

"ಅರಚಬೇಡ ಕಣೆ," ಗೋಡೆಯ ಸ್ಪೀಕರಿನಲ್ಲಿ ಸೋದರತ್ತೆಯ ದನಿ. ಈ ಒತ್ತಡದ ಕೋಣೆಯನ್ನು ನಡೆಸುವವಳು ಅವಳೇ. "ಇಬ್ಬರೂ ಆಳದಿಂದ ಒಂದೇ ಉಸಿರಿಗೆ ಮೇಲೆ ಬಂದಿದ್ದೀರ. ರಕ್ತದಲ್ಲಿ ಗಾಳಿ ಗುಳ್ಳೆ ಸೇರ್ಕೊಂಡಿದೆ. ಅದು ಕರಗೋವರೆಗೂ, ಅಂದ್ರೆ ಸಂಜೆವರೆಗೂ, ದೇವರು ಬಂದ್ರೂ ಈ ಬಾಗಿಲು ತೆಗೆಯೋಕಾಗಲ್ಲ."

ಸಂಜೆವರೆಗೂ! ತನ್ನನ್ನು ಸಾಯಲು ಬಿಟ್ಟವನ ಜೊತೆ!

ದೊಡ್ಡ ಡ್ರಮ್ಮನ್ನು ಅಡ್ಡ ಮಲಗಿಸಿದಂಥ ಕೋಣೆ. ಎರಡು ಬೆಂಚು, ಎರಡು ಆಮ್ಲಜನಕದ ಮಾಸ್ಕ್, ತಟ್ಟೆಯಗಲದ ಒಂದು ಕಿಟಕಿ. ಕಾಲು ಚಾಚಿದರೆ ಎದುರಿನವನ ಮೊಣಕಾಲು ತಾಗುತ್ತದೆ. ಒಳಗೆ ಪಿಸುಗುಟ್ಟಿದರೂ ಹೊರಗೆ ಕೇಳುತ್ತದೆ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯ ಸ್ಥಿತಿ ಅಂದರೆ ಇದೇ ನೋಡಿ.

"ಏಯ್ ಹೊಸಬಾ!" ಈಗ ಗುಡುಗಿದ್ದು ಅವಳಪ್ಪ, ಮುಳುಗುಗಾರರ ಆ ತಂಡದ ಯಜಮಾನ. "ನನ್ನ ಮಗಳು ಒದ್ದಾಡ್ತಿದ್ರೆ ನೋಡ್ತಾ ನಿಂತಿದ್ದೆಯಲ್ಲ! ಬಾಗಿಲು ತೆಗೆದ ಕೂಡಲೇ ನೀನು ಜಾಗ ಖಾಲಿ ಮಾಡಬೇಕು!"

ಹೊಸಬ ತಲೆ ತಗ್ಗಿಸಿದ. "ಸರಿ ಸರ್," ಎಂದನಷ್ಟೇ.

'ಅಯ್ಯೋ, ಒಂದು ಮಾತಾದರೂ ಎದುರಾಡಬಾರದೇ?' ಎಂದುಕೊಂಡಳು ಅವಳು. ಮರುಕ್ಷಣವೇ ತನ್ನ ಮೇಲೆ ತನಗೇ ಸಿಟ್ಟು ಬಂತು. ಇವನ ಪರವಾಗಿ ಮನಸ್ಸು ಯಾಕೆ ಮಿಡಿಯಬೇಕು?

ಬೆಳಿಗ್ಗೆ ಬಂದರಿನ ಕಂಬಗಳ ಬುಡದಲ್ಲಿ ಇಬ್ಬರೂ ಬಿರುಕು ಹುಡುಕುತ್ತಿದ್ದರು. ಸಿಲಿಂಡರಿನ ಗಾಳಿ ತೋರಿಸುವ ಅವಳ ಗೇಜಿನ ಮುಳ್ಳು ಮೊದಲ ಸಲ ಕೆಂಪಿಗೆ ಇಳಿದಿತ್ತು. ಅವಳು ಮುಷ್ಟಿ ಬಿಗಿದು ತೋರಿಸಿದಳು. ಅಂದರೆ, ಗಾಳಿ ಮುಗೀತಿದೆ, ಬಾ! ಅವನು ಬರಲಿಲ್ಲ. ಕಲ್ಲುಕಂಬದಂತೆ ನಿಂತ. ಮತ್ತೆ ಮುಷ್ಟಿ ತೋರಿಸಿದಳು. 'ಸರಿ' ಎಂದು ಸನ್ನೆ ಮಾಡಿ, ಮತ್ತೂ ಅಲ್ಲೇ ನಿಂತ! ದಿಕ್ಕು ತೋಚದೆ, ಅವಳು ಮೇಲಕ್ಕೆ ಚಿಮ್ಮಿದ್ದಳು. ಅವನು ಬೆನ್ನಟ್ಟಿಕೊಂಡು ಬಂದಿದ್ದ.

"ಮಾಸ್ಕ್ ಹಾಕ್ಕೊಳ್ಳಿ," ಅತ್ತೆಯ ಅಪ್ಪಣೆಯಾಯಿತು.

ಮಾಸ್ಕ್ ಹಾಕಿದರೆ ಬಾಯಿ ಬಂದ್. ನಡುನಡುವೆ ಸ್ವಲ್ಪ ಹೊತ್ತು ತೆಗೆಯಲು ಬಿಡುತ್ತಾರೆ, ಮಾತೇನಿದ್ದರೂ ಆಗಲೇ. ಸಿಟ್ಟನ್ನೆಲ್ಲ ನುಂಗಿಕೊಂಡು ಕುಳಿತಿದ್ದ ಅವಳು, ಮೊದಲ ಬಿಡುವು ಸಿಕ್ಕಿದ್ದೇ ತಡ, ಸಿಡಿದಳು.

"ಯಾಕೆ ಬರಲಿಲ್ಲ? ನಾನು ಸತ್ತಿದ್ರೆ?!"

"ನೀವೇ ತಾನೇ ನಿಲ್ಲು ಅಂದಿದ್ದು..."

"ನಾನ್ಯಾವಾಗ ಅಂದೆ?"

ಅವನು ಮೆಲ್ಲಗೆ ಮುಷ್ಟಿ ಬಿಗಿದು ಎತ್ತಿದ. "ಎರಡೆರಡು ಸಲ ಅಂದ್ರಿ. ನಾನು ಮುಳುಗೋದು ಕಲಿತಿದ್ದು ನೀರು ತುಂಬಿದ ಗುಹೆಗಳಲ್ಲಿ. ಅಲ್ಲಿ ಇದಕ್ಕೆ, ಇದ್ದಲ್ಲೇ ನಿಲ್ಲು, ಅಲುಗಾಡಬೇಡ ಅಂತ ಅರ್ಥ."

ಅವಳು ತನ್ನ ಮುಷ್ಟಿಯನ್ನೇ ನೋಡಿಕೊಂಡಳು.

"ಮಾಸ್ಕ್!" ಎಂದಳು ಅತ್ತೆ.

ಅಯ್ಯೋ, ಈಗಲೇ?! ಮುಖಕ್ಕೆ ರಬ್ಬರು ಅಂಟಿತು. ಬೆವರು ಕುತ್ತಿಗೆಯ ಮೇಲೆ ಇಳಿಯುತ್ತಿತ್ತು. ಓಡಿಹೋಗಲು ಜಾಗವಿಲ್ಲ, ಕ್ಷಮೆ ಕೇಳಲು ಬಾಯಿಲ್ಲ. ಅವನು ಕೆಲಸಕ್ಕೆ ಬಂದ ಮೊದಲ ದಿನ ಅವಳ ಕಣ್ಮುಂದೆ ಬಂತು. ಜೊತೆಯಾಗಿ ನೀರಿಗಿಳಿಯುವವರು ಮೊದಲು ದೋಣಿಯ ಮೇಲೆ ನಿಂತು, ಒಂದೊಂದೇ ಸನ್ನೆಯನ್ನು ಒಬ್ಬರಿಗೊಬ್ಬರು ಒಪ್ಪಿಸಬೇಕು. ಅವನು ಸನ್ನೆ ಒಪ್ಪಿಸಲು ಕೈ ಎತ್ತಿದ್ದ. ಅವಳೇ, "ನನಗೇ ಅ ಆ ಇ ಈ ಹೇಳ್ಕೊಡ್ತೀಯಾ?" ಎಂದು ನಕ್ಕು ನೀರಿಗೆ ಹಾರಿದ್ದಳು. ಯಜಮಾನರ ಮಗಳೆಂಬ ಜಂಬ!

ಅವಳು ಅಳುಕುತ್ತಲೇ ಕೈ ಎತ್ತಿ ಒಂದು ಸನ್ನೆ ತೋರಿಸಿದಳು. ಅವನು ತನ್ನದನ್ನು ತೋರಿಸಿದ. ಬಾಯಿ ಕಟ್ಟಿಕೊಂಡ ಇಬ್ಬರೂ ಆಗ ಮಾಡಬೇಕಿದ್ದ ಪಾಠವನ್ನು ಈಗ ಮಾಡತೊಡಗಿದರು.

ಒಂದು ಅಂಗೈಯ ಮೇಲೆ ಇನ್ನೊಂದು ಕೈಯ ಬೆರಳ ತುದಿಗಳನ್ನಿಟ್ಟಳು. ಅವಳಿಗದು 'ಅರ್ಧ ಸಿಲಿಂಡರ್ ಖಾಲಿ'. ಅವನು ತಲೆಯಾಡಿಸಿ, ಕಿಟಕಿಯ ಮಂಜಿನ ಮೇಲೆ ಬೆರಳಲ್ಲಿ ಬರೆದ: 'ಇಲ್ಲೇ ಸ್ವಲ್ಪ ಹೊತ್ತು ತಂಗೋಣ'.



ಪ್ರತಿದಿನ ಅವಳು ಆ ಸನ್ನೆ ಮಾಡಿದಾಗಲೆಲ್ಲ ಅವನು ಕೆಲಸ ಬಿಟ್ಟು ಅವಳ ಪಕ್ಕಕ್ಕೆ ಬಂದು ನಿಲ್ಲುತ್ತಿದ್ದ. ಹಸಿರು ಬೆಳಕಿನಲ್ಲಿ ಸುಮ್ಮನೆ, ಭುಜಕ್ಕೆ ಭುಜ ತಾಗುವಷ್ಟು ಹತ್ತಿರ. ಅವಳ ಮನಸ್ಸು ಜಾರಿದ್ದೇ ಆ ಗಳಿಗೆಗಳಲ್ಲಿ! ರಾತ್ರಿ ದಿಂಬಿಗೆ ಮುಖವೊತ್ತಿ ನಕ್ಕಿದ್ದು ಅದನ್ನೇ ನೆನೆದು! ಹಾಗಾದರೆ ಅವನು ನಿಂತದ್ದು ಪ್ರೀತಿಯಿಂದಲ್ಲವೇ? ಬರೀ ಅಪ್ಪಣೆ ಪಾಲಿಸಿದನೇ?

ಕಣ್ಣೀರು ಮಾಸ್ಕಿನೊಳಗೇ ಇಳಿಯಿತು. ಒರೆಸಿಕೊಳ್ಳುವಂತೆಯೂ ಇರಲಿಲ್ಲ.

ಬಿಡುವು ಸಿಕ್ಕಿತು. ಹೊರಗೆ ಅಪ್ಪನಿಗೆ ಕೇಳಿಸುತ್ತದೆ ಎಂಬುದು ಗೊತ್ತಿತ್ತು. ಆದರೂ ಕೇಳಿಯೇಬಿಟ್ಟಳು.

"ಇಷ್ಟು ದಿನ ನನ್ನ ಪಕ್ಕ ನಿಲ್ತಿದ್ದೆಯಲ್ಲ... ಅದು ನಾನು ಹೇಳಿದೆ ಅಂತಾನಾ?"

ಅವನು ಸ್ಪೀಕರಿನ ಕಡೆ ನೋಡಿದ.

"ಮೊದಲನೇ ದಿನ, ಹೌದು."

"ಆಮೇಲೆ?"

"ಎರಡನೇ ದಿನ ನಿಮ್ಮ ಗೇಜ್ ಕಣ್ಣಿಗೆ ಬಿತ್ತು. ಮುಳ್ಳು ಅರ್ಧದಲ್ಲಿತ್ತು. ನಿಮ್ಮ ಸನ್ನೆ ಅರ್ಥ ಆಯ್ತು... ಆದ್ರೂ ನಿಂತೆ. ದಿನಾ ನಿಂತೆ. ತಿಳೀತು ಅಂತ ಹೇಳಿದ್ರೆ ಆ ನಿಲ್ಲೋದೂ ತಪ್ಪಿಹೋಗುತ್ತೆ ಅಂತ ಬಾಯಿ ಮುಚ್ಕೊಂಡೆ."

ಅವನು ಕೈಯಲ್ಲಿದ್ದ ಮಾಸ್ಕನ್ನು ಪಕ್ಕಕ್ಕಿಟ್ಟ.

"ಅವತ್ತೇ ಹೇಳಿದ್ರೆ ಉಳಿದ ಸನ್ನೆಗಳೂ ಸರಿಹೋಗ್ತಿದ್ವು. ನನ್ನ ಆಸೆಗೆ ನಿಮ್ಮ ಜೀವಾನೇ ಹೋಗ್ತಿತ್ತು. ನಾನು ಹೋಗ್ತೀನಿ. ಹೋಗಲೇಬೇಕು."

"ಹೋಗ್ತಾನಂತೆ! ಮಾಡೋದನ್ನೆಲ್ಲ ಮಾಡಿ ಹೋಗ್ತಾನಂತೆ!" ಅವಳು ಅಳುತ್ತಲೇ ಸ್ಪೀಕರಿಗೆ ತಿರುಗಿದಳು. "ಅಪ್ಪಾ! ಇವನು ಮೊದಲ ದಿನಾನೇ ಸನ್ನೆ ಒಪ್ಪಿಸೋಕೆ ಬಂದಿದ್ದ. ಬೇಡ ಅಂದೋಳು ನಾನು. ಯಾರನ್ನಾದ್ರೂ ಕೆಲಸದಿಂದ ತೆಗೆಯೋದಾದ್ರೆ ಮೊದಲು ನನ್ನನ್ನ ತೆಗೀರಿ. ಆಮೇಲೆ... ಆಮೇಲೆ ಇನ್ನೊಂದು. ಇವನು ನಿಂತಿದ್ದು ನನಗೂ ಇಷ್ಟ ಆಗಿತ್ತು. ಅರ್ಧ ಆಗೋಕೆ ಮುಂಚೇನೇ ಎಷ್ಟೋ ಸಲ ಅರ್ಧ ಅಂತ ತೋರಿಸಿದ್ದೀನಿ!"

"ನೀವೂ...?" ಅವನು ಕಣ್ಣರಳಿಸಿದ.

"ಹೂಂ. ನಾನೂ!"

ಹೊರಗೆ ಅತ್ತೆ ಕಿಸಕ್ಕೆಂದು ನಕ್ಕದ್ದು ಕೇಳಿಸಿತು. ಅಪ್ಪನ ಸದ್ದಿಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಅಪ್ಪ ಒಮ್ಮೆ ಅಂದ ಮಾತು ಹಿಂದೆ ತೆಗೆದುಕೊಂಡವರಲ್ಲ.

ಕೊನೆಗೆ ಅಪ್ಪನ ಕೆಮ್ಮು ಕೇಳಿತು.

"ಡಾಕ್ಟರು ನೀರಿಗಿಳೀಬಹುದು ಅಂದ ಮೇಲೆ, ಇಬ್ಬರೂ ನನ್ನ ಮುಂದೆ ನಿಂತು ಒಂದೊಂದೇ ಸನ್ನೆ ಒಪ್ಪಿಸಬೇಕು. ಒಂದು ತಪ್ಪಿದ್ರೂ ದೋಣಿ ಹತ್ತಿಸಲ್ಲ."

"ಅಪ್ಪಾ... ಇಬ್ಬರೂ ಅಂದ್ರಾ?"

"ಯಾಕೆ, ಒತ್ತಡಕ್ಕೆ ಕಿವಿ ಹೋಯ್ತಾ? ಇಬ್ಬರೂ!"

ಅವಳು ಎದ್ದು ಎದುರಿನ ಬೆಂಚಿಗೆ ಹೋಗಿ, ಅವನ ಪಕ್ಕದಲ್ಲಿ ಕುಳಿತಳು. ಅವನ ಬೆರಳುಗಳು ತಣ್ಣಗಿದ್ದವು. ಅವಳು ಅವನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

"ಇನ್ನೂ 'ನೀವು' ಅಂತಾನೇ ಕರೀತೀಯಲ್ಲ, ಯಾಕೆ?"

"ಭಯ."

"ನನ್ನ ಕಂಡ್ರಾ?"

"ನಿಮ್ಮಪ್ಪನ್ನ ಕಂಡ್ರೆ."

ಅವಳು ಕಣ್ಣೀರಿನ ನಡುವೆಯೇ ನಕ್ಕಳು. "ಈಗಲೂ ಭಯಾನಾ?"

ಅವನು ಅವಳ ಭುಜಕ್ಕೆ ತನ್ನ ಭುಜ ತಾಗಿಸಿದ.

"ಇಲ್ಲ," ಎಂದ. "ಈಗ ನೀನು ಪಕ್ಕದಲ್ಲಿದ್ದೀಯಲ್ಲ."